ಉಸಿರೆಳೆದು ಹೇಳಿದ ಹೌದು

ಮೈಕಿನ ಮುಂದೆ ಕೂತ ಅಜ್ಜಿ ಮಾತೇ ಆಡಲಿಲ್ಲ. ಕಾಫಿಯನ್ನು ತಟ್ಟೆಗೆ ಬಗ್ಗಿಸಿಕೊಂಡು ಕುಡಿದರು. ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರ ನೋಡಿದರು. ಕಾಲ ಬುಡದಲ್ಲಿ ಮಲಗಿದ್ದ ನಾಯಿಯ ಕಿವಿ ಕೆರೆದರು. ಎದುರಿಗೆ ನಾನು ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡರಿನ ಪರದೆಯ ಮೇಲಿನ ಪಟ್ಟಿ ಈಗ ಏಳುತ್ತದೆ, ಇನ್ನೇನು ಏಳುತ್ತದೆ ಎಂದು ಕಾಯುತ್ತಿದ್ದೆ. ಅದು ಏಳಲಿಲ್ಲ. ನನಗೆ ಹುಟ್ಟಾ ತಾಳ್ಮೆ ಕಡಿಮೆ. ಸುಮ್ಮನೆ ಕೂತವರನ್ನು ಕಂಡರೆ ಕೈಕಾಲು ತುರಿಸುತ್ತದೆ. ರಾತ್ರಿಯಿಡೀ ರೈಲಿನಲ್ಲಿ ಕೂತು ಬಂದದ್ದು ಇದಕ್ಕಾ ಎಂದು ಒಳಗೊಳಗೇ ಗೊಣಗಿಕೊಂಡೆ.

ಎರಡು ಸಾವಿರದ ಆರನೇ ಇಸವಿ, ಚಳಿಗಾಲ ಮುಗಿಯುತ್ತ ಬಂದಿದ್ದ ಹೊತ್ತು. ಸ್ವೀಡನ್ನಿನ ಉತ್ತರದ ಒಳನಾಡಿನ ಒಂದು ಹಳ್ಳಿ. ನನ್ನ ಮನೆ ಇದ್ದದ್ದು ಸ್ಟಾಕ್‌ಹೋಮ್ ಪಕ್ಕದ ಸುಂಡ್‌ಬೀಬೆರಿಯಲ್ಲಿ. ಅಲ್ಲಿಂದ ಇಲ್ಲಿಗೆ ಬಂದದ್ದು ದಕ್ಷಿಣ ಸಾಮಿ ಭಾಷೆಯ ಕೆಲಸಕ್ಕೆ. ಸಾಮಿ ಜನ ಹಿಮಸಾರಂಗ ಸಾಕಿಕೊಂಡು, ಸ್ವೀಡನ್ ಎಂಬ ರಾಜ್ಯ ಉತ್ತರಕ್ಕೆ ಕೈಚಾಚುವ ಮೊದಲಿನಿಂದಲೂ ಆ ಬೆಟ್ಟಗಳಲ್ಲಿ ಇದ್ದವರು. ರಾಜ್ಯ ಬಂತು, ತೆರಿಗೆ ಬಂತು, ಚರ್ಚು ಬಂತು, ಕೊನೆಗೆ ಶಾಲೆ ಬಂತು. ಏಳು ವರ್ಷದ ಮಕ್ಕಳನ್ನು ಮನೆಯಿಂದ ಎತ್ತಿ ಹಾಸ್ಟೆಲ್ಲಿಗೆ ಹಾಕಿದರು, ಅಲ್ಲಿ ಸ್ವೀಡಿಷ್ ಮಾತ್ರ. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳ ಹತ್ತಿರ ಸ್ವೀಡಿಷ್ ಮಾತಾಡಿದರು. ಅಷ್ಟಕ್ಕೇ ಒಂದು ಭಾಷೆಯ ಕತೆ ಮುಗಿಯುತ್ತ ಬಂದಿತ್ತು.

ಈ ಕೆಲಸ ಮಾಡಿಸಿದ್ದು ಆ ಊರ ಶಾಲೆಯ ಟೀಚರ್. ಐವತ್ತು ದಾಟಿದ ಹೆಂಗಸು. ತಾಯಿಯಿಂದ ಸಿಗದ ಭಾಷೆಯನ್ನು ದೊಡ್ಡವರಾದ ಮೇಲೆ ರಾತ್ರಿ ತರಗತಿಗೆ ಹೋಗಿ, ಪುಸ್ತಕ ಹಿಡಿದು ಕಲಿತವರು. ಬರುವ ಶರತ್ಕಾಲದಲ್ಲಿ ಸಣ್ಣ ಮಕ್ಕಳಿಗೆ ಸಾಮಿ ತರಗತಿ ತೆರೆಯುವವರಿದ್ದರು. ಕಂಪ್ಯೂಟರಿನಲ್ಲಿ ಒಂದು ಚಿತ್ರ ಒತ್ತಿದರೆ ಆ ಪದ, ಆ ವಾಕ್ಯ ಆ ಕಣಿವೆಯ ಧಾಟಿಯಲ್ಲೇ ಕೇಳಿಸಬೇಕು ಎಂಬುದು ಅವರ ಆಸೆ. ಆ ಧಾಟಿಯಲ್ಲಿ ಮಾತಾಡುವವರು ಕಣಿವೆಯಲ್ಲಿ ಉಳಿದದ್ದು ಅವರ ತಾಯಿ ಒಬ್ಬರೇ. ಅವರೇ ನನ್ನ ಎದುರು ಕಾಫಿ ಕುಡಿಯುತ್ತಿದ್ದ ಅಜ್ಜಿ. ಕೊಮ್ಮೂನು, ಅಂದರೆ ಅಲ್ಲಿನ ಪುರಸಭೆ, ಖರ್ಚು ಹೊತ್ತಿತ್ತು. ಕೆಲಸ ನಮ್ಮ ಸಣ್ಣ ಕಂಪನಿಗೆ ಬಂತು. ಮೊಬೈಲ್ ಫೋನಿನಲ್ಲಿ ಮಾತು ಹೇಗೆ ಸಾಗಬೇಕು ಎಂಬ ವಿದ್ಯೆಯಲ್ಲಿ ಪಳಗಿದವಳೆಂದು ಮ್ಯಾನೇಜರ್ ನನ್ನನ್ನು ಕಳಿಸಿದರು.

ತಾಯಿಯ ಮಾತನ್ನು ಮಗಳೇ ಕೂತು ರೆಕಾರ್ಡ್ ಮಾಡಬಹುದಲ್ಲ ಎಂದು ನಾನು ಮೊದಲೇ ಕೇಳಿದ್ದೆ.

“ನಾನು ಇದ್ರೆ ಅಮ್ಮ ಸಾಮಿ ಮಾತಾಡಲ್ಲ,” ಎಂದಿದ್ದರು ಟೀಚರ್. “ಭಾಷೆ ಗೊತ್ತಿರೋರ ಮುಂದೆ ಅವಳಿಗೆ ನಾಚಿಕೆ. ನಿನಗೆ ಒಂದಕ್ಷರ ಬರಲ್ಲ. ನೀನೇ ಸರಿ.”

ನನ್ನ ಅಜ್ಞಾನಕ್ಕೆ ಕೆಲಸ ಸಿಕ್ಕಿದ್ದು ಅದೇ ಮೊದಲು. ಹಾಗಾಗಿ ಏರ್ಪಾಡು ಹೀಗಾಯಿತು: ಟೀಚರ್ ತಮ್ಮ ಪ್ರಶ್ನೆಗಳನ್ನೆಲ್ಲ ಮೊದಲೇ ಸಾಮಿಯಲ್ಲಿ ರೆಕಾರ್ಡ್ ಮಾಡಿ ಕೊಡುವುದು, ನಾನು ಅಜ್ಜಿಯ ಅಡುಗೆಮನೆಯಲ್ಲಿ ಒಂದೊಂದಾಗಿ ಅದನ್ನು ಅವರ ಹೆಡ್‌ಫೋನಿಗೆ ನುಡಿಸುವುದು, ಅಜ್ಜಿ ಉತ್ತರ ಹೇಳುವುದು, ಪ್ರಶ್ನೆ ಉತ್ತರ ಎರಡೂ ರೆಕಾರ್ಡರಿನಲ್ಲಿ ದಾಖಲಾಗುವುದು. ನನಗೂ ಅಜ್ಜಿಗೂ ನಡುವೆ ಸ್ವೀಡಿಷ್. ಇಬ್ಬರಿಗೂ ಅದು ಶಾಲೆಯಲ್ಲಿ ಕಲಿತ ಮಾತು, ಅಷ್ಟರಮಟ್ಟಿಗೆ ಸಮಾನರು.

ಆ ಸೀಮೆಯ ಜನರ ಮೌನದ ರುಚಿ ನನಗೆ ಮೊದಲ ದಿನವೇ ಬಸ್ಸಿನಲ್ಲಿ ಸಿಕ್ಕಿತ್ತು. ಈ ಬಸ್ಸು ಶಾಲೆಯ ಹತ್ತಿರ ನಿಲ್ಲುತ್ತದೆಯಾ ಎಂದು ಡ್ರೈವರನ್ನು ಕೇಳಿದೆ. ಆತ ತುಟಿ ಚೂಪು ಮಾಡಿ, ಬಿಸಿ ಚಹಾ ಹೀರುವವನ ಹಾಗೆ ಗಾಳಿಯನ್ನು ಚುರ್ರೆಂದು ಒಳಗೆ ಎಳೆದುಕೊಂಡ. ಕಿವಿ ಕೇಳುವುದಿಲ್ಲವೇನೋ ಎಂದು ಮತ್ತೆ ಕೇಳಿದೆ, ಮತ್ತೆ ಎಳೆದುಕೊಂಡ. ಮೂರನೇ ಸಲ ಕೇಳಿದಾಗ ಹಿಂದಿನ ಸೀಟಿನ ಹೆಂಗಸೊಬ್ಬಳು, “ಆಗಿಂದ ಹೌದು ಅಂತಾನೇ ಇದಾನಲ್ಲಮ್ಮ,” ಎಂದಳು. ಉತ್ತರದವರು ಹೌದು ಎನ್ನುವುದು ಹಾಗಂತೆ. ಸ್ಟಾಕ್‌ಹೋಮಿನಲ್ಲಿ ಆರು ವರ್ಷ ಇದ್ದವಳಿಗೆ ಇದು ಗೊತ್ತಿರಲಿಲ್ಲ. ಮನೆಗೆ ಫೋನ್ ಮಾಡಿ ಗಂಡನಿಗೆ ಆ ಸದ್ದು ಮಾಡಿ ತೋರಿಸಿ ಇಬ್ಬರೂ ಹೊಟ್ಟೆ ತುಂಬ ನಕ್ಕೆವು.

ಅಡುಗೆಮನೆಯನ್ನು ಸ್ಟುಡಿಯೋ ಮಾಡುವುದಕ್ಕೆ ಒಂದು ಬೆಳಗು ಹಿಡಿಯಿತು. ಫ್ರಿಜ್ ಆರಿಸಿ ಅದರಲ್ಲಿದ್ದ ಮೀನು, ಬೆಣ್ಣೆಗಳನ್ನು ಮೆಟ್ಟಿಲ ಮೇಲಿನ ಹಿಮದಲ್ಲಿಟ್ಟೆ. ಗೋಡೆ ಗಡಿಯಾರವನ್ನು ಪಕ್ಕದ ಕೋಣೆಯ ಹಾಸಿಗೆಯೊಳಗೆ ಹೂತೆ. ಗೋಡೆಗೆ ಬಡಿದು ಸದ್ದು ಮರಳದಂತೆ ಕಂಬಳಿ ತೂಗುಬಿಟ್ಟೆ. ನಾಯಿಯನ್ನೂ ಹೊರಗೆ ಹಾಕಬೇಕೆಂದಾಗ ಮಾತ್ರ ಅಜ್ಜಿ ಒಪ್ಪಲಿಲ್ಲ.

“ಇದು ಇರಲಿ. ನಾನು ಸಾಮಿ ಮಾತಾಡೋದು ಇದರ ಹತ್ರ ಮಾತ್ರ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಇದು ನಗಲ್ಲ,” ಎಂದೂ ಸೇರಿಸಿದರು.

ಶಾಲೆಯಲ್ಲಿ ಹೊಡೆಯುತ್ತಿದ್ದರಾ ಎಂದು ಕೇಳಿದೆ. ಹೊಡೆತ ಅಪರೂಪವಂತೆ. ಹೊಡೆತಕ್ಕೆ ಹೆದರುತ್ತಿರಲಿಲ್ಲವಂತೆ. ಬಾಯಿತಪ್ಪಿ ಒಂದು ಸಾಮಿ ಪದ ಬಂದರೆ ಇಡೀ ತರಗತಿ ಮೇಷ್ಟರನ್ನೂ ಸೇರಿಸಿ ನಗುತ್ತಿತ್ತಂತೆ. ಪ್ರಶ್ನೆ ಕೇಳಿದ ಕೂಡಲೇ ತಟ್ಟನೆ ಸ್ವೀಡಿಷಿನಲ್ಲಿ ಉತ್ತರ ಹೇಳಬೇಕು. ತಡವಾದರೆ ಇವರಿಗೆ ತಲೆ ಓಡುವುದಿಲ್ಲ ಎಂದು ಬರೆದುಕೊಳ್ಳುತ್ತಿದ್ದರಂತೆ. ಇಷ್ಟು ಹೇಳಲು ಅಜ್ಜಿ ತೆಗೆದುಕೊಂಡ ಹೊತ್ತಿನಲ್ಲಿ ನಾನಾಗಿದ್ದರೆ ನನ್ನ ಇಡೀ ಜೀವನಚರಿತ್ರೆ ಹೇಳಿ ಮುಗಿಸುತ್ತಿದ್ದೆ.

ನಗುವಿನ ವಿಚಾರ ನನಗೆ ಹೊಸದೇನಲ್ಲ. ನಾನು ಕುಂದಾಪುರದ ಕಡೆಯವಳು. ಸ್ಟಾಕ್‌ಹೋಮಿಗೆ ಬಂದ ಹೊಸದರಲ್ಲಿ ಅಲ್ಲೇ ಹತ್ತಿರದ ಸೊಲ್ಲೆಂಟುನಾದ ಒಂದು ಕನ್ನಡ ಮನೆಯ ಊಟದಲ್ಲಿ ಬಾಯಿತಪ್ಪಿ ಹೋಗಬೇಕು ಅನ್ನುವುದಕ್ಕೆ “ಹೋಯ್ಕ್” ಅಂದುಬಿಟ್ಟಿದ್ದೆ. “ಅಯ್ಯೋ ಎಷ್ಟು ಕ್ಯೂಟಾಗಿದೆ, ಇನ್ನೊಂದ್ಸಲ ಹೇಳ್ರೀ,” ಎಂದು ಬೆಂಗಳೂರಿನವರೆಲ್ಲ ನಕ್ಕಿದ್ದರು. ಕೆಟ್ಟ ಮನಸ್ಸಿನ ನಗುವಲ್ಲ, ನನ್ನ ಗಂಡನೂ ನಕ್ಕಿದ್ದ. ಅವನು ಮಲ್ಲೇಶ್ವರದವನು. ಅವತ್ತಿನಿಂದ ನಾನು ನಾಲಿಗೆ ತಿದ್ದಿಕೊಂಡೆ. ತಿದ್ದಿಕೊಂಡದ್ದು ಎಷ್ಟು ಗಟ್ಟಿಯಾಯಿತೆಂದರೆ ಊರಿನಲ್ಲಿದ್ದ ಅಬ್ಬಿಯ, ಅಂದರೆ ಹೆತ್ತ ತಾಯಿಯ, ಹತ್ತಿರವೂ ಬೆಂಗಳೂರು ಕನ್ನಡವೇ ಬರತೊಡಗಿತು.

ಎರಡನೇ ಸಲ ಹೋದಾಗ ಅಜ್ಜಿಯ ಅಡುಗೆಮನೆಯಲ್ಲೇ ಅಬ್ಬಿಯ ಮಿಸ್ಡ್ ಕಾಲ್ ಬಂತು. ಖರ್ಚಾಗುತ್ತದೆಂದು ಅಬ್ಬಿ ಎರಡು ರಿಂಗಿಗೆ ಕತ್ತರಿಸುವುದು, ನಾನು ಅಗ್ಗದ ಫೋನ್ ಕಾರ್ಡು ಬಳಸಿ ತಿರುಗಿ ಮಾಡುವುದು ನಮ್ಮ ಪದ್ಧತಿ. ಮಾಡಿದೆ. “ಹ್ಞೂಂ ಅಮ್ಮಾ, ಹೇಳಿ. ಆಫೀಸ್ ಕೆಲ್ಸದ ಮೇಲೆ ಬಂದಿದೀನಿ,” ಎಂದೆ. “ಹೌದಾ? ಚೆನ್ನಾಗಿದ್ದೀಯಾ? ಊಟ ಆಯಿತಾ?” ಎಂದಳು ಅಬ್ಬಿ. ನಾನು ಅವಳನ್ನು ಅಮ್ಮಾ ಎಂದು ಬಹುವಚನದಲ್ಲಿ ಕರೆಯಲು ಶುರುಮಾಡಿದ ಮೇಲೆ ಅವಳೂ ನನ್ನ ಜೊತೆ ಟಿವಿಯವರ ಕನ್ನಡ ಆಡುತ್ತಿದ್ದಳು. ಮಗಳು ಓದಿದವಳು, ಅವಳ ಹತ್ತಿರ ಸರಿಯಾಗಿ ಮಾತಾಡಬೇಕು ಎಂದು. ಒಂದೆರಡು ಮಾತಿಗೆ ಫೋನ್ ಮುಗಿಯಿತು.

“ನಿನ್ನ ಮೇಲಧಿಕಾರಿಯಾ?” ಎಂದರು ಅಜ್ಜಿ.

“ಅಲ್ಲ, ನನ್ನ ತಾಯಿ.”

ಅಜ್ಜಿ ನನ್ನನ್ನು ನೋಡಿದರು. ನಾನು ಎದ್ದು ಹೋಗಿ ಸುಮ್ಮನೆ ಮೈಕಿನ ವೈರು ಸರಿಮಾಡಿದೆ.

ನಾಲ್ಕು ಸಲದ ಓಡಾಟದಲ್ಲಿ ಪ್ರಶ್ನೆಗಳೆಲ್ಲ ಮುಗಿದವು. ಹಿಮದ ಬಗೆಗಳು, ಸಾರಂಗದ ಮರಿಗಳ ಹೆಸರು, ಅಡುಗೆ, ತೀರಿಹೋದ ತಮ್ಮನ ಕತೆ. ಕೊನೆಯ ದಿನ ಕೊನೆಯ ಪ್ರಶ್ನೆ ನುಡಿಸಿದಾಗ ಅಜ್ಜಿ ಹೆಡ್‌ಫೋನನ್ನು ಕೈಯಿಂದ ಕಿವಿಗೆ ಒತ್ತಿ ಹಿಡಿದು ಕೇಳಿದರು. ಆಮೇಲೆ ಸುಮ್ಮನಾದರು. ಎಂದಿನ ಸುಮ್ಮನಿರುವಿಕೆಗಿಂತ ಎಷ್ಟೋ ಉದ್ದದ್ದು. ನಾನು ಸರೋವರ ನೋಡಿದೆ, ನಾಯಿ ನೋಡಿದೆ, ವಾಪಸ್ ಹೋಗುವ ಬಸ್ಸಿನ ಬಗ್ಗೆ ಯೋಚಿಸಿದೆ. ಬಹಳ ಹೊತ್ತಿನ ಮೇಲೆ ಅಜ್ಜಿ ಒಂದು ವಾಕ್ಯ ಹೇಳಿ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ನಾನು “ಥ್ಯಾಂಕ್ಸ್, ಮುಗೀತು,” ಎಂದು ಖುಷಿಯಿಂದ ಗುಂಡಿ ಒತ್ತಿದೆ.

ಇನ್ನು ನನ್ನ ಕಸುಬಿನ ಮಾತು ಸ್ವಲ್ಪ ಹೇಳಬೇಕು. ಮೊಬೈಲ್ ಫೋನಿನಲ್ಲಿ ಒಬ್ಬರು ಸುಮ್ಮನಾದಾಗ ಆ ಮೌನವನ್ನು ನಾವು ಆಚೆಗೆ ಕಳಿಸುವುದಿಲ್ಲ. ಮಾತಿಲ್ಲದ ಹೊತ್ತಿಗೆ ದಾರಿ ಖಾಲಿ ಬಿಟ್ಟರೆ ಬೇರೆಯವರ ಮಾತು ಸಾಗುತ್ತದೆ. ಹಾಗೆಂದು ಏನೂ ಕೇಳಿಸದೆ ಹೋದರೆ ಈ ಕಡೆಯವರು ಲೈನ್ ಕಟ್ ಆಯಿತೆಂದು ಗಾಬರಿಯಾಗುತ್ತಾರೆ. ಅದಕ್ಕೆ ಅವರ ಫೋನೇ ಸಣ್ಣಗೆ ಸುಂಯ್ ಎನ್ನುವ ಸದ್ದೊಂದನ್ನು ತಾನೇ ಹುಟ್ಟಿಸಿ ಕಿವಿಗೆ ಬಿಡುತ್ತದೆ. ಕೇಳುವವರು ಅದನ್ನು ಆಚೆಯವರ ಕೋಣೆಯ ಸದ್ದು ಎಂದುಕೊಂಡು ಸಮಾಧಾನವಾಗಿರುತ್ತಾರೆ. ಯಾವುದು ಮಾತು, ಯಾವುದು ಅಲ್ಲ ಎಂದು ಯಂತ್ರಕ್ಕೆ ಹೇಳಿಕೊಡುವ ಕೆಲಸವನ್ನೇ ನಾನು ಸ್ವೀಡನ್ನಿನ ದಕ್ಷಿಣದ ಕಾರ್ಲ್‌ಸ್ಕ್ರೂನಾದಲ್ಲಿ ಓದುವಾಗಿನಿಂದ ಮಾಡಿದ್ದು. ಉಸಿರು, ಕೆಮ್ಮು, ತುಟಿಯ ಸದ್ದು, ಮೌನ ಎಲ್ಲವೂ ಕಸ.

ಅಜ್ಜಿಯ ಧ್ವನಿಗೂ ಅದನ್ನೇ ಮಾಡಿದೆ. ಒಂದು ಮಿತಿ ಗೊತ್ತುಮಾಡಿ, ಅದಕ್ಕಿಂತ ಮೆಲ್ಲಗಿರುವುದನ್ನೆಲ್ಲ ಕತ್ತರಿಸಿ, ಉಳಿದದ್ದನ್ನು ಜೋಡಿಸುವ ಪ್ರೋಗ್ರಾಂ ಬರೆದೆ. ಗಂಟೆಗಟ್ಟಲೆಯ ರೆಕಾರ್ಡಿಂಗು ಮುಷ್ಟಿಯಷ್ಟಾಯಿತು. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಗರಿಗರಿಯಾಗಿತ್ತು. ರೆಕಾರ್ಡರಿನ ಕಾರ್ಡುಗಳು ಆ ಕಾಲಕ್ಕೆ ದುಬಾರಿ. ಒಂದು ಸಲದ್ದು ಕಂಪ್ಯೂಟರಿಗೆ ಹಾಕಿ ಶುದ್ಧ ಮಾಡಿದ ಮೇಲೆ ಕಾರ್ಡು ಅಳಿಸಿ ಮುಂದಿನ ಸಲಕ್ಕೆ ಒಯ್ಯುತ್ತಿದ್ದೆ. ಜಾಗ ಉಳಿಯಲೆಂದು ಕಂಪ್ಯೂಟರಿನ ಮೂಲವನ್ನೂ ಅಳಿಸಿದೆ. ಕಸ ಯಾರು ಕಾಪಾಡಿಕೊಳ್ಳುತ್ತಾರೆ?

ವಸಂತದಲ್ಲಿ ಕೊಮ್ಮೂನಿನವರಿಗೆ ಕೆಲಸ ತೋರಿಸುವ ದಿನ ಬಂತು. ಶಾಲೆಯ ಕಾಫಿ ಕೋಣೆಯಲ್ಲಿ ಫಿಕಾ, ಅಂದರೆ ಕಾಫಿ, ದಾಲ್ಚಿನ್ನಿ ಬನ್ನು, ಮಾತುಕತೆ. ಟೀಚರ್ ಇದ್ದರು. ಅಜ್ಜಿ ಬೆಳ್ಳಿಯ ಪದಕವಿಟ್ಟು, ಕಸೂತಿ ಪಟ್ಟಿಯ ನೀಲಿ ಉಡುಪು ಹಾಕಿಕೊಂಡು ಬಂದಿದ್ದರು. ಅಕ್ಕಪಕ್ಕದ ಕಣಿವೆಗಳಿಂದ ಸಾಮಿ ಬಲ್ಲ ನಾಲ್ಕೈದು ಮುದುಕರು ಬಂದಿದ್ದರು. ಹತ್ತಾರು ಫೈಲುಗಳಲ್ಲಿ ಯಾವುದನ್ನು ನುಡಿಸಲಿ? ನನ್ನ ಬುದ್ಧಿಗೆ ಹೊಳೆದದ್ದು ಒಂದೇ: ಯಾವುದರಲ್ಲಿ ಅತಿ ಹೆಚ್ಚು ಕಸ ತೆಗೆದಿದ್ದೇನೋ ಅದು. ಕೊನೆಯ ಪ್ರಶ್ನೆಯ ಫೈಲು. ಇಷ್ಟುದ್ದ ಇದ್ದದ್ದು ಇಷ್ಟಾಗಿದೆ ನೋಡಿ ಎಂದು ಕೈಯಲ್ಲಿ ಅಳತೆ ತೋರಿಸಿ, ಜಂಬದಿಂದ ಗುಂಡಿ ಒತ್ತಿದೆ.

ಸ್ಪೀಕರಿನಿಂದ ಟೀಚರ್ ಧ್ವನಿಯಲ್ಲಿ ಪ್ರಶ್ನೆ ಬಂತು. ಟೀಚರ್ ಕೈಯೆತ್ತಿ ನಿಲ್ಲಿಸು ಎನ್ನುವಷ್ಟರಲ್ಲಿ ಅಜ್ಜಿಯ ಉತ್ತರವೂ ಬಂದುಹೋಯಿತು. ಮುದುಕರಲ್ಲಿ ಒಬ್ಬರು ಬನ್ನನ್ನು ತಟ್ಟೆಗೆ ಇಟ್ಟರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಜ್ಜಿ ಸ್ಪೀಕರನ್ನೇ ನೋಡುತ್ತಿದ್ದರು. ಆಮೇಲೆ ಮಗಳ ಮುಖ ನೋಡಿದರು. “ಅದು ನಾನಲ್ಲ,” ಎಂದು ಸ್ವೀಡಿಷಿನಲ್ಲಿ ಹೇಳಿ, ಕೋಟು ಹಾಕಿಕೊಂಡು ಹೊರಟುಹೋದರು.

ಟೀಚರ್ ನನ್ನನ್ನು ಕಾರಿಡಾರಿಗೆ ಕರೆದುಕೊಂಡು ಹೋದರು.

“ಅದು ಮಕ್ಕಳಿಗಲ್ಲ. ಆ ಪ್ರಶ್ನೆ ನಂದು. ನಾನೇ ಕೊನೇಲಿ ಸೇರಿಸಿದ್ದೆ. ನಿನಗೆ ಭಾಷೆ ಬರಲ್ಲ, ನಿನ್ನ ತಪ್ಪಲ್ಲ.”

“ಏನು ಕೇಳಿದ್ರಿ?”

“ಈ ಮಾತನ್ನ ನನಗೆ ಕೊಡಬೇಕು ಅಂತ ನಿನಗೆ ಯಾವತ್ತಾದ್ರೂ ಅನ್ನಿಸಿತ್ತಾ ಅಂತ ಕೇಳಿದೆ. ಊಟದ ಮೇಜಲ್ಲಿ ಕೇಳೋಕೆ ಧೈರ್ಯ ಇರ್ಲಿಲ್ಲ ನನಗೆ.”

“ಅವರು?”

“ನನಗೆ ನಾಚಿಕೆ ಆಗ್ತಿತ್ತು, ಅಂದ್ಲು.” ಟೀಚರ್ ಗೋಡೆಯ ಮೇಲಿನ ಮಕ್ಕಳ ಚಿತ್ರಗಳನ್ನು ನೋಡುತ್ತ ನಿಂತರು. “ಇರಲಿ ಬಿಡು. ಆದ್ರೆ ಒಂದು ಗಳಿಗೆ ಯೋಚನೆ ಕೂಡ ಮಾಡ್ಲಿಲ್ಲ ನೋಡು. ಕೇಳಿದ ತಕ್ಷಣ ಹೇಳಿಬಿಟ್ಲು.”

ಇಲ್ಲ, ಬಹಳ ಹೊತ್ತು ಸುಮ್ಮನಿದ್ದರು, ಅದನ್ನು ತೆಗೆದದ್ದು ನಾನು ಎಂದು ಆ ಕ್ಷಣವೇ ಹೇಳಬೇಕಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಕೊಮ್ಮೂನಿನ ಅಧಿಕಾರಿ ಕಾಫಿ ಲೋಟ ಹಿಡಿದುಕೊಂಡು ಬಂದು, ಧ್ವನಿ ಎಷ್ಟು ಸ್ಪಷ್ಟವಾಗಿದೆ ಎಂದು ಹೊಗಳಿದರು. ನಾನು ಅವರಿಗೆ ಥ್ಯಾಂಕ್ಸ್ ಹೇಳಿದೆ. ಅದೊಂದೇ ಮಾತು ನನ್ನ ಬಾಯಿಂದ ಬಂದದ್ದು. ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಗಾಜಿನಲ್ಲಿ ಮುಖ ಕಂಡರೆ ಮುಖ ತಿರುಗಿಸುತ್ತಿದ್ದೆ.

ಅಜ್ಜಿ ಇನ್ನು ರೆಕಾರ್ಡಿಂಗಿಗೆ ಕೂರುವುದಿಲ್ಲವೆಂದೂ ಇದುವರೆಗಿನದನ್ನು ಬಳಸಲೂ ಮನಸ್ಸಿಲ್ಲವೆಂದೂ ಟೀಚರ್ ಮ್ಯಾನೇಜರಿಗೆ ತಿಳಿಸಿದರು. ಅಜ್ಜಿಯ ಧ್ವನಿ ಇಲ್ಲದಿದ್ದರೆ ತರಗತಿಯೇ ಇಲ್ಲ. ನಮ್ಮ ಮ್ಯಾನೇಜರ್ ಒಳ್ಳೆಯ ಮನುಷ್ಯ. “ನೀನು ಬೇಜಾರು ಮಾಡ್ಕೋಬೇಡ. ಕೊನೇ ಫೈಲ್ ತೆಗೆದುಹಾಕಿ ಮಿಕ್ಕಿದ್ದು ಕೊಟ್ಟುಬಿಡು. ಅವರು ಕೇಳಿದ್ದು ಪದಗಳು, ಪದಗಳೆಲ್ಲ ಇವೆಯಲ್ಲ? ಸ್ವಲ್ಪ ದಿನ ಹೋದ್ರೆ ಅಜ್ಜಿ ಒಪ್ತಾರೆ,” ಎಂದರು. ಗಂಡನೂ, “ಬಿಡೇ, ಪ್ರಾಜೆಕ್ಟ್ ಅಂದ್ಮೇಲೆ ಇದೆಲ್ಲ ಇದ್ದಿದ್ದೇ,” ಎಂದ. ಒಂದು ಮಿತಿ ಗೊತ್ತುಮಾಡಿದೆ, ಯಾರನ್ನೂ ಕೇಳದೆ. ಆ ಹಳೆಯ ಶಾಲೆಯವರೂ ಅದನ್ನೇ ತಾನೇ ಮಾಡಿದ್ದು? ತಟ್ಟನೆ ಉತ್ತರ ಹೇಳಿಸಿದ್ದರು. ನಾನು ಎಂಬತ್ತರ ಹೆಂಗಸಿನ ಕೈಯಲ್ಲಿ ಮತ್ತೊಮ್ಮೆ ತಟ್ಟನೆ ಹೇಳಿಸಿದೆ.

ರೆಕಾರ್ಡರಿನ ಚೀಲ ತೆಗೆದು ನೋಡಿದೆ. ಕೊನೆಯ ದಿನದ ಕಾರ್ಡು ಇನ್ನೂ ಅದರ ಜೇಬಿನಲ್ಲಿತ್ತು. ಮುಂದಿನ ಸಲ ಎಂಬುದು ಇರಲಿಲ್ಲವಾದ್ದರಿಂದ ಅಳಿಸುವ ಕೆಲಸ ಬಿದ್ದಿರಲಿಲ್ಲ. ಉಳಿದವುಗಳ ಮೂಲ ಹೋಗಿತ್ತು. ಕೂತು ಕೇಳಿದೆ. ಪ್ರಶ್ನೆ. ಆಮೇಲೆ ಮೌನ. ಕಂಪ್ಯೂಟರಿನ ಪರದೆಯಲ್ಲಿ ಧ್ವನಿ ಒಂದು ಗೆರೆಯಾಗಿ ಕಾಣುತ್ತದೆ. ಆ ಗೆರೆ ಚಪ್ಪಟೆಯಾಗಿ ಹೋಗುತ್ತಲೇ ಇತ್ತು. ನಾಯಿಯ ಉಸಿರು, ಒಲೆಯೊಳಗೆ ಸೌದೆಯ ಸದ್ದು, ನಾನು ಕುರ್ಚಿಯಲ್ಲಿ ಕೊಸರಾಡಿದ ಸದ್ದು. ಮಧ್ಯದಲ್ಲಿ ಒಂದು ಸಣ್ಣ ಉಬ್ಬು. ವಾಲ್ಯೂಮ್ ಏರಿಸಿ ಅಷ್ಟನ್ನೇ ಮತ್ತೆ ಮತ್ತೆ ನುಡಿಸಿದೆ. ಗಾಳಿ ಒಳಗೆ ಹೋಗುವ ಸದ್ದು. ಚುರ್ರ್.

ಬಸ್ಸಿನ ಡ್ರೈವರ್ ನೆನಪಾದ. ಗಂಡನಿಗೆ ಮಾಡಿ ತೋರಿಸಿ ನಕ್ಕಿದ್ದ ಸದ್ದು ಅದು. ಕೇಳಿದರು ಮಗಳು, ನನಗೆ ಕೊಡಬೇಕೆನಿಸಿತ್ತಾ ಎಂದು. ಹೌದು ಎಂದಿದ್ದರು ತಾಯಿ. ಎಷ್ಟೋ ಹೊತ್ತು ಯೋಚಿಸಿ, ಹೌದು ಎಂದು, ಮತ್ತೆ ಎಷ್ಟೋ ಹೊತ್ತು ಬಿಟ್ಟು, ನನಗೆ ನಾಚಿಕೆಯಾಗುತ್ತಿತ್ತು ಎಂದಿದ್ದರು. ನಾನು ಹೌದನ್ನು ತೆಗೆದು ನಾಚಿಕೆಯನ್ನು ಮಾತ್ರ ಉಳಿಸಿದ್ದೆ.

ಮರುದಿನ ಮ್ಯಾನೇಜರಿಗೆ, ಈ ಫೈಲುಗಳನ್ನು ನಾನು ಕೊಡುವುದಿಲ್ಲ, ಟೀಚರಿಗೂ ಅಜ್ಜಿಗೂ ನಿಜ ಹೇಳಿ ಮತ್ತೆ ಮೊದಲಿನಿಂದ ಮಾಡಲು ಕೇಳುತ್ತೇನೆ, ಅವರು ಒಪ್ಪದಿದ್ದರೆ ಕಂಪನಿಯ ತಪ್ಪೆಂದು ಕೊಮ್ಮೂನಿಗೆ ಬರೆದುಕೊಡಿ ಎಂದೆ. “ಕೆಲಸ ಕೈತಪ್ಪುತ್ತೆ,” ಎಂದರು. ತಪ್ಪಲಿ ಎಂದೆ. ಸ್ವೀಡನ್ನಿನ ಆಫೀಸಿನಲ್ಲಿ ಯಾರೂ ಹಾಗೆ ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ. ಅವರು ಪೆನ್ನು ಕೆಳಗಿಟ್ಟು, ರಜೆ ಹಾಕಿ ಹೋಗು ಎಂದರು.

ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಟೀಚರ್ ಮಕ್ಕಳ ಕುರ್ಚಿಯ ಮೇಲೆ ಕೂತರು. ನಾನು ಮಾಡಿದ್ದನ್ನೆಲ್ಲ ಹೇಳಿದೆ. ಕಾರಿಡಾರಿನಲ್ಲಿ ಬಾಯಿ ಮುಚ್ಚಿಕೊಂಡದ್ದನ್ನೂ ಹೇಳಿದೆ. ಅವರು ಹೆಡ್‌ಫೋನಿಗೆ ಕೈಚಾಚಿದರು. ನಾನು ಕತ್ತರಿಸದ ಫೈಲು ಹಾಕಿದೆ. ಮೌನ ಸಾಗುತ್ತಿದ್ದಂತೆ ಅವರ ಬೆರಳು ಮೇಜಿನ ಅಂಚು ಹಿಡಿದುಕೊಂಡಿತು. ಆ ಉಬ್ಬು ಬರುವ ಜಾಗ ನನಗೆ ಪರದೆಯಲ್ಲಿ ಕಾಣುತ್ತಿತ್ತು. ಗೆರೆ ಅಲ್ಲಿಗೆ ಮುಟ್ಟಿದಾಗ ಟೀಚರ್ ಕಣ್ಣು ಮುಚ್ಚಿದರು. ಮುಗಿದ ಮೇಲೂ ಹೆಡ್‌ಫೋನ್ ತೆಗೆಯಲಿಲ್ಲ.

“ಇನ್ನೊಂದು ಸಲ,” ಎಂದರು.

ನನ್ನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಬೈಯಲಿಲ್ಲ. ಕೋಟು ಹಾಕಿಕೊಂಡು, “ಬಾ, ಅಮ್ಮನಿಗೂ ಹೇಳು,” ಎಂದರು.

ಅಜ್ಜಿ ಬಾಗಿಲು ತೆರೆದು ಮಗಳನ್ನೂ ನನ್ನನ್ನೂ ಒಳಗೆ ಬಿಟ್ಟರು. ಅದೇ ಅಡುಗೆಮನೆ. ನಾನು ನಿಂತುಕೊಂಡೇ ಹೇಳಿದೆ. “ಅವತ್ತು ನೀವು ಹೌದು ಅಂದಿದ್ರಿ. ಉಸಿರಲ್ಲಿ. ಅದು ಸದ್ದು ಅಂತ ನಾನು ತೆಗೆದುಹಾಕಿದೆ. ನೀವು ಸುಮ್ಮನೆ ಇದ್ದಿದ್ದನ್ನೂ ತೆಗೆದೆ. ಯಂತ್ರ ಅಲ್ಲ, ನಾನು.”

ಅಜ್ಜಿ ಕಾಫಿ ಬಗ್ಗಿಸುತ್ತಿದ್ದ ಕೈ ನಿಲ್ಲಿಸಿದರು. “ಹೇಳಿದ್ನಾ?” ಎಂದರು. ನಮ್ಮಿಬ್ಬರನ್ನೂ ನೋಡಿದರು. “ನಾನು ಹೇಳಿದ್ದೆ ಅಂದ್ಕೊಂಡಿದ್ದೆ. ಆಮೇಲೆ ಅಲ್ಲಿ ಕೇಳಿದಾಗ ಇರ್ಲಿಲ್ಲ. ಯಂತ್ರ ಸುಳ್ಳು ಹೇಳುತ್ತಾ? ನನಗೆ ವಯಸ್ಸಾಯ್ತು, ಹೇಳೋಕೆ ನಾಚಿಕೆಪಟ್ಟು ಬರೀ ಮನಸ್ಸಲ್ಲೇ ಅಂದ್ಕೊಂಡ್ನೇನೋ ಅಂತ ಆಗಿತ್ತು.”

ಅಷ್ಟು ದಿನ ಅವರು ಅದನ್ನು ಹೊತ್ತುಕೊಂಡು ಆ ಮನೆಯಲ್ಲಿ ಒಬ್ಬರೇ ಕೂತಿದ್ದರು. ನಾನು ಅಳಬಾರದೆಂದುಕೊಂಡರೂ ಅತ್ತೆ. ಅಜ್ಜಿ ನನ್ನನ್ನು ಸಮಾಧಾನ ಮಾಡಲಿಲ್ಲ, ಕುರ್ಚಿ ಮಾತ್ರ ತೋರಿಸಿದರು.

ಕಳೆದುಹೋದವನ್ನು ಮತ್ತೆ ಹೇಳಿ ಎಂದು ಕೇಳಿದಾಗ ಅಜ್ಜಿ ಒಪ್ಪಲಿಲ್ಲ. ತಮ್ಮನ ಕತೆ ಒಂದೇ ಸಲ ಹೇಳುವುದು, ಹೇಳಿ ಆಯಿತು ಎಂದರು. ಇದ್ದದ್ದನ್ನು ಹಾಗೇ ಬಳಸಿಕೊಳ್ಳಿ, ಹೊಸದಾಗಿ ಬೇರೆ ಹೇಳುತ್ತೇನೆ, ಆದರೆ ಮಗಳು ಎದುರಿಗೆ ಕೂತು ಕೇಳಬೇಕು ಎಂದರು. ಹಾಗಾಗಿ ಆ ಕತ್ತರಿಸಿದ ಫೈಲುಗಳೂ ಶರತ್ಕಾಲದಲ್ಲಿ ತರಗತಿಗೆ ಹೋದವು. ವರ್ಷ ಕಳೆದ ಮೇಲೆ ಟೀಚರ್ ಫೋನಿನಲ್ಲಿ, ಮಕ್ಕಳು ಚೆನ್ನಾಗಿ ಕಲಿಯುತ್ತಿದ್ದಾರೆ, ಹಳೆಯ ಪಾಠಗಳನ್ನು ಮಾತ್ರ ಅಮ್ಮನಿಗಿಂತ ಗಡಿಬಿಡಿಯಲ್ಲಿ ಹೇಳುತ್ತಾರೆ ಎಂದರು. ಅವರು ನಗುತ್ತಲೇ ಹೇಳಿದ್ದು. ಆ ಗಡಿಬಿಡಿ ನನ್ನದು. ಅದನ್ನು ಸರಿಮಾಡಲು ನನ್ನ ಹತ್ತಿರ ಏನೂ ಇಲ್ಲ.

ಆದರೆ ಅದು ಆಮೇಲಿನ ಮಾತು. ಅವತ್ತು ಅಡುಗೆಮನೆಯಲ್ಲಿ ನಾನು ರೆಕಾರ್ಡರ್ ಮೇಜಿನ ಮೇಲಿಟ್ಟೆ. ಫ್ರಿಜ್ ಆರಿಸಲಿಲ್ಲ, ಗಡಿಯಾರ ಗೋಡೆಯ ಮೇಲೇ ಇತ್ತು. ಟೀಚರ್ ತಾಯಿಯ ಎದುರು ಕೂತರು. ಸಾಮಿಯಲ್ಲಿ ಏನೋ ಕೇಳಿದರು. ನನಗೆ ಗೊತ್ತಾದದ್ದು ಆಹ್ಕಾ ಎಂಬ ಪದವೊಂದೇ, ಅಜ್ಜಿ ಎಂದರ್ಥ. ತಮ್ಮ ಅಜ್ಜಿಯ ಬಗ್ಗೆ ಕೇಳಿದರು ಎಂದುಕೊಂಡೆ. ತಾಯಿ ಸುಮ್ಮನಾದರು. ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನನ್ನ ಕೈಕಾಲು ತುರಿಸಲು ಶುರುವಾಯಿತು, ಕೈಯನ್ನು ತೊಡೆಯ ಕೆಳಗಿಟ್ಟು ಅದರ ಮೇಲೆ ಕೂತೆ. ಬಹಳ ಹೊತ್ತಾದ ಮೇಲೆ ಅಜ್ಜಿ ಮಗಳನ್ನು ನೋಡುತ್ತ ಸಾಮಿಯಲ್ಲಿ ಹೇಳಲು ತೊಡಗಿದರು. ಮಗಳು ಮಧ್ಯೆ ಒಂದು ಪದ ತಪ್ಪು ಹೇಳಿದರು. ಅಜ್ಜಿ ನಗಲಿಲ್ಲ. ಸರಿಯಾದದ್ದನ್ನು ನಿಧಾನವಾಗಿ ಹೇಳಿ, ಮಗಳು ತಿರುಗಿ ಹೇಳುವವರೆಗೂ ಕಾದರು.

ಆಗಲೇ ನನ್ನ ಫೋನು ಎರಡು ರಿಂಗಾಗಿ ನಿಂತಿತು. ಆರಿಸಿಡಲು ಮರೆತಿದ್ದೆ. ಕ್ಷಮಿಸಿ ಕ್ಷಮಿಸಿ ಎನ್ನುತ್ತ ಎದ್ದೆ.

“ನಿನ್ನ ತಾಯಿಯಾ?” ಎಂದರು ಅಜ್ಜಿ. ನಾನು ತಲೆಯಾಡಿಸಿದೆ.

“ಇಲ್ಲೇ ಮಾತಾಡು. ನಮಗೆ ಅರ್ಥ ಆಗಲ್ಲ.”

ಹೊರಗೆ ಹೋಗುತ್ತೇನೆ ಎಂದೆ. ಅಜ್ಜಿ ಕುರ್ಚಿ ತೋರಿಸಿದರು. ಫೋನ್ ಕಾರ್ಡಿನ ನಂಬರು ಒತ್ತಿ, ಊರಿನ ನಂಬರು ಒತ್ತಿದೆ. ತಪ್ಪಾಯಿತು, ಮತ್ತೆ ಮೊದಲಿನಿಂದ ಒತ್ತಿದೆ. ಎಂಥ ನಾಚಿಕೆಗೇಡು, ಹೆತ್ತವಳ ಹತ್ತಿರ ಮಾತಾಡಲು ಹಿಂಜರಿಯುವುದು. ಆ ಕಡೆ ಎತ್ತಿದ ಸದ್ದಾಯಿತು.

“ಹಲೋ? ಚೆನ್ನಾಗಿದ್ದೀಯಾ?” ಎಂದಳು.

“ಅಬ್ಬೀ,” ಎಂದೆ. “ಎಂತ ಮಾಡ್ತಿದ್ದೆ? ಉಂಡ್ಯಾ? ಇಲ್ ಚಳಿ ಅಂದ್ರೆ ಚಳಿ, ಕೈಯೆಲ್ಲ ಮರಗಟ್ಟಿ ಹೋಯ್ತ್.”

ಆ ಕಡೆಯಿಂದ ಮಾತಿಲ್ಲ. ಕಿವಿಯಲ್ಲಿ ಸಣ್ಣಗೆ ಸುಂಯ್ ಎನ್ನುವ ಸದ್ದು. ಅದು ಅಬ್ಬಿಯ ಕೋಣೆಯ ಸದ್ದಲ್ಲ, ನನ್ನ ಫೋನು ಹುಟ್ಟಿಸಿದ್ದು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದರ ಹಿಂದೆ ಅವಳು ಉಸಿರೆಳೆದುಕೊಂಡಳೋ, ಅತ್ತಳೋ, ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡಳೋ, ನನ್ನವರೆಗೆ ಬರುವಂತಿರಲಿಲ್ಲ. ಮೇಜಿನಾಚೆ ಅಜ್ಜಿಯೂ ಟೀಚರೂ ಕಾಯುತ್ತಿದ್ದರು. ನಾನೂ ಕಾದೆ.

“ಅಬ್ಬೀ, ಇದ್ಯಾ?”

“ಇದ್ದೆ ಮಗಾ,” ಎಂದಳು. “ನೀ ಹೇಳ್.”